ಅಜ್ಜಿಯ ಹಲ್ಲುಸೆಟ್ಟಿನಲ್ಲಿ ಒಂದು ಸನ್ನೆ



ಸಿರುಮುಗೈ ಕಡೆ ಮಗ್ಗದ ಮನೆಗಳಲ್ಲಿ ಕನ್ನಡ ಮಾತಾಡುವ ಅಜ್ಜ-ಅಜ್ಜಿಯರು ಇದ್ದಾರಲ್ಲ, ಅವರಲ್ಲಿ ಕೆಲವರು ಮಲಗುವ ಮುಂಚೆ ಹಲ್ಲುಸೆಟ್ಟು ತೆಗೆದು ನೀರಿನ ಲೋಟದಲ್ಲಿ ಇಡುವುದನ್ನು ನೀವು ನೋಡಿರಬಹುದು. ಎಲ್ಲಾ ಹಲ್ಲೂ ಬಿದ್ದವರಿಗೆ ಪೂರ್ತಿ ಸೆಟ್ಟು. ಕೆಲವು ಹಲ್ಲು ಮಾತ್ರ ಬಿದ್ದವರಿಗೆ, ತೆಗೆದು ಹಾಕಬಹುದಾದ ಭಾಗಶಃ ಸೆಟ್ಟು. ಇವತ್ತು ಈ ಎರಡನೆಯದನ್ನು ನೋಡೋಣ.

ಬಿದ್ದ ಹಲ್ಲಿನ ಜಾಗ ತುಂಬಿದರೆ ಇದರ ಕೆಲಸ ಮುಗೀತು ಅಂದುಕೊಂಡಿದ್ದೀರಾ? ಇಲ್ಲ. ಉಳಿದ ಹಲ್ಲುಗಳನ್ನು ಕಾಪಾಡುವುದು ಅದಕ್ಕಿಂತ ದೊಡ್ಡ ಕೆಲಸ. ಸರಿಯಾಗಿ ಮಾಡದ ಸೆಟ್ಟು ಗಟ್ಟಿ ಹಲ್ಲನ್ನೂ ಅಲ್ಲಾಡಿಸಿಬಿಡುತ್ತದೆ. ಅದಕ್ಕೇ ಮೂರು ನಿಯಮ.

1. ಆಸರೆ: ಅಗಿಯುವಾಗ ಸೆಟ್ಟು ವಸಡಿಗೆ ಒತ್ತಿ ಕುಸಿಯಬಾರದು. ಪಕ್ಕದ ಹಲ್ಲಿನ ಮೇಲೆ ಚಿಕ್ಕ ಗುಳಿ ಮಾಡಿ, ಅದರಲ್ಲಿ ಲೋಹದ ಪುಟ್ಟ ನಾಲಗೆಯನ್ನು ಕೂರಿಸುತ್ತಾರೆ. ಆಗ ಬಲ ಹಲ್ಲಿನ ಬೇರಿನ ಮೂಲಕ ಮೂಳೆಗೆ ಇಳಿಯುತ್ತದೆ. ವಸಡಿನ ಮೇಲೆ ಕೂರುವ ತಳ ಅಗಲವಾಗಿರಬೇಕು. ಒತ್ತಡ = ಬಲ ÷ ವಿಸ್ತೀರ್ಣ, ನೆನಪಿದೆ ಅಲ್ವಾ?

2. ಹಿಡಿತ: ಹಲ್ಲು ನಡುವೆ ಉಬ್ಬಿ, ವಸಡಿನ ಹತ್ತಿರ ಕಿರಿದಾಗುತ್ತದೆ. ಕೊಕ್ಕೆಯ ತುದಿ ಉಬ್ಬನ್ನು ದಾಟುವಾಗ ಸ್ವಲ್ಪ ಬಾಗಿ, ಕಿರಿದಾದ ಜಾಗದಲ್ಲಿ ಮತ್ತೆ ಮೊದಲಿನಂತೆ ನಿಲ್ಲುತ್ತದೆ. ಇದೇ ಸ್ಥಿತಿಸ್ಥಾಪಕತೆ. ಕೋಬಾಲ್ಟ್-ಕ್ರೋಮಿಯಂ ಎರಕದ ಕೊಕ್ಕೆಗೆ ಸುಮಾರು 0.25 ಮಿ.ಮೀ. ತಗ್ಗು ಸಾಕು.

3. ಸ್ಥಿರತೆ: ಸೆಟ್ಟು ಪಕ್ಕಕ್ಕೆ ಜಾರಬಾರದು. ಎಡ-ಬಲ ಭಾಗಗಳನ್ನು ಬಗ್ಗದ ಪಟ್ಟಿಯೊಂದು ಜೋಡಿಸಿ ಬಲವನ್ನು ಎರಡೂ ಕಡೆಗೆ ಹಂಚುತ್ತದೆ. ಕೊಕ್ಕೆ ಹಲ್ಲನ್ನು ಒಂದು ಕಡೆಯಿಂದ ತಳ್ಳಿದರೆ, ಇನ್ನೊಂದು ತೋಳು ಎದುರಿನಿಂದ ತಡೆಯುತ್ತದೆ.

ಅಮೆರಿಕದ ದಂತವೈದ್ಯ ಎಡ್ವರ್ಡ್ ಕೆನಡಿ 1925ರಲ್ಲಿ ಹಲ್ಲು ಬಿದ್ದ ಬಾಯಿಗಳನ್ನು ನಾಲ್ಕು ವರ್ಗ ಮಾಡಿದರು. ಎರಡೂ ಕಡೆಯ ಹಿಂದಿನ ಹಲ್ಲುಗಳು ಇಲ್ಲದಿದ್ದರೆ ಅದು ಒಂದನೇ ವರ್ಗ. ಕಷ್ಟ ಇರುವುದು ಇಲ್ಲೇ. ಸೆಟ್ಟಿನ ಮುಂಭಾಗಕ್ಕೆ ಹಲ್ಲಿನ ಆಸರೆ ಇದೆ, ಹಿಂಭಾಗಕ್ಕೆ ಮೆತ್ತಗಿನ ವಸಡು ಮಾತ್ರ. ಹಲ್ಲಿಗಿಂತ ವಸಡು ಜಾಸ್ತಿ ತಗ್ಗುತ್ತದೆ. ಆಗ ಸೆಟ್ಟು ಸನ್ನೆಯಾಗುತ್ತದೆ, ಲೋಹದ ನಾಲಗೆಯೇ ಅದರ ಆಧಾರಬಿಂದು.

ಮಾಡಿ ನೋಡಿ: ಒಂದು ರಬ್ಬರಿನ ಮೇಲೆ ಸ್ಕೇಲನ್ನು ಅಡ್ಡಲಾಗಿ ಇಡಿ. ಸ್ಕೇಲಿನ ಬಲತುದಿ ಬಾಯಿಯ ಹಿಂಭಾಗ ಅಂದುಕೊಳ್ಳಿ. ಅದನ್ನು ಒತ್ತಿ. ರಬ್ಬರಿನ ಎಡಕ್ಕಿರುವ ಭಾಗ ಮೇಲೇಳುತ್ತದೆ, ಬಲಕ್ಕಿರುವ ಭಾಗ ಇಳಿಯುತ್ತದೆ.

ಈಗ ಕೆಳದವಡೆಗೆ ಬನ್ನಿ. ಕೊಕ್ಕೆಯ ತುದಿ ಆಧಾರಬಿಂದುವಿಗಿಂತ ಮುಂದೆ ಇದ್ದರೆ, ಪ್ರತಿ ತುತ್ತಿಗೂ ಅದು ಮೇಲೆದ್ದು ಹಲ್ಲಿನ ಉಬ್ಬಿಗೆ ಸಿಕ್ಕಿ ಹಲ್ಲನ್ನು ಎಳೆಯುತ್ತದೆ. ಕಂಬವನ್ನು ದಿನಾ ಅಲ್ಲಾಡಿಸಿದರೆ ಸಡಿಲವಾಗದೆ ಇರುತ್ತದಾ? ಅದಕ್ಕೇ ಲೋಹದ ನಾಲಗೆಯನ್ನು ಆ ಹಲ್ಲಿನ ಮುಂದಿನ ಅಂಚಿಗೆ ಇಟ್ಟು, ಕೊಕ್ಕೆಯ ತುದಿ ಅದರ ಹಿಂದೆ ಬರುವಂತೆ ಮಾಡಬಹುದು. ಆಗ ಅಗಿಯುವಾಗ ತುದಿ ಕೆಳಗಿಳಿದು ಹಲ್ಲನ್ನು ಬಿಟ್ಟುಕೊಡುತ್ತದೆ. ಕೆಲವೇ ಮಿಲಿಮೀಟರಿನ ಬದಲಾವಣೆ, ಉಳಿಯುವುದು ಒಂದು ಹಲ್ಲು!

ಮನೆಯಲ್ಲಿ ಹಿರಿಯರಿಗೆ ಹೇಳಿ: ಸೆಟ್ಟನ್ನು ಕಚ್ಚಿ ಕೂರಿಸಬೇಡಿ, ಬೆರಳಿನಿಂದ ಕೂರಿಸಿ. ಕೊಕ್ಕೆ ಸಡಿಲವಾದರೆ ನೀವೇ ಬಗ್ಗಿಸದೆ ದಂತವೈದ್ಯರ ಹತ್ತಿರ ಹೋಗಿ. ರಾತ್ರಿ ತೆಗೆದು, ತೊಳೆದು, ತಣ್ಣೀರಿನಲ್ಲಿಡಿ. ಕೊಕ್ಕೆ ಹಿಡಿಯುವ ಹಲ್ಲನ್ನು ಚೆನ್ನಾಗಿ ಉಜ್ಜಿ. ಆ ಹಲ್ಲು ಹೋದರೆ ಸೆಟ್ಟಿಗೂ ನೆಲೆಯಿಲ್ಲ.