1980ರ ಮಾಸ್ಕೋ ಒಲಿಂಪಿಕ್ಸ್ ಪುರುಷರ ಹಾಕಿ: ಭಾರತ ತಂಡ ಮತ್ತು ಅಂಕಿಅಂಶಗಳು

1980ರ ಜುಲೈ ತಿಂಗಳಿನಲ್ಲಿ ಅಂದಿನ ಸೋವಿಯತ್ ಒಕ್ಕೂಟದ ರಾಜಧಾನಿ ಮಾಸ್ಕೋದಲ್ಲಿ ನಡೆದ ಒಲಿಂಪಿಕ್ ಕ್ರೀಡಾಕೂಟದ ಪುರುಷರ ಹಾಕಿ ಸ್ಪರ್ಧೆಯಲ್ಲಿ ಭಾರತ ತಂಡವು ಚಿನ್ನದ ಪದಕವನ್ನು ಗಳಿಸಿತು. ಇದು ಒಲಿಂಪಿಕ್ ಹಾಕಿಯಲ್ಲಿ ಭಾರತಕ್ಕೆ ದೊರೆತ ಎಂಟನೆಯ ಚಿನ್ನ. ಈವರೆಗಿನ ಕೊನೆಯ ಚಿನ್ನವೂ ಇದೇ ಆಗಿದೆ. ವಾಸುದೇವನ್ ಭಾಸ್ಕರನ್ ನಾಯಕತ್ವದ ಹದಿನಾರು ಮಂದಿಯ ಈ ತಂಡದಲ್ಲಿ ಕೊಡಗಿನ ಎಂ. ಎಂ. ಸೋಮಯ್ಯ ಅವರೂ ಇದ್ದರು. ತಂಡವು ಆಡಿದ ಆರು ಪಂದ್ಯಗಳಲ್ಲಿ 43 ಗೋಲುಗಳನ್ನು ಹೊಡೆದು, 9 ಗೋಲುಗಳನ್ನು ಬಿಟ್ಟುಕೊಟ್ಟಿತು. ಈ ಸಂಖ್ಯೆಗಳು ನೋಡಲು ಭವ್ಯವಾಗಿವೆ. ಆದರೆ ಅವು ಯಾವ ಪಂದ್ಯಗಳಿಂದ ಬಂದವು ಎಂಬುದನ್ನು ಬಿಡಿಸಿ ನೋಡದೆ ಈ ತಂಡದ ನಿಜವಾದ ಬಲವನ್ನಾಗಲಿ ಮಿತಿಯನ್ನಾಗಲಿ ಅರಿಯಲು ಸಾಧ್ಯವಿಲ್ಲ.

ಹಿನ್ನೆಲೆ

1928ರ ಆಮ್‌ಸ್ಟರ್‌ಡ್ಯಾಂ ಕೂಟದಿಂದ 1972ರ ಮ್ಯೂನಿಕ್ ಕೂಟದವರೆಗೆ ಭಾರತ ಹಾಕಿ ತಂಡವು ಪದಕವಿಲ್ಲದೆ ಮರಳಿದ್ದೇ ಇಲ್ಲ. 1975ರಲ್ಲಿ ಕೌಲಾಲಂಪುರದಲ್ಲಿ ವಿಶ್ವಕಪ್ಪನ್ನೂ ಗೆದ್ದಿತು. ಮರುವರ್ಷವೇ, 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ, ಏಳನೆಯ ಸ್ಥಾನಕ್ಕೆ ಕುಸಿಯಿತು. ಒಲಿಂಪಿಕ್ ಹಾಕಿಯನ್ನು ಕೃತಕ ಹುಲ್ಲಿನ ಅಂಕಣದ ಮೇಲೆ ಮೊದಲ ಬಾರಿಗೆ ಆಡಿಸಿದ್ದು ಅಲ್ಲಿಯೇ. ಸಹಜ ಹುಲ್ಲು ಮತ್ತು ಮಣ್ಣಿನ ಮೈದಾನಗಳಲ್ಲಿ ಬೆಳೆದ ಭಾರತೀಯ ಆಟಗಾರರಿಗೆ ಚೆಂಡು ಉಬ್ಬುತಗ್ಗಿಲ್ಲದೆ ಜಾರಿಹೋಗುವ ಈ ನೆಲ ಹೊಸದಾಗಿತ್ತು. ಸೋಲಿಗೆ ಇದೊಂದೇ ಕಾರಣವೆಂದು ಹೇಳುವುದು ಸರಿಯಾಗಲಾರದು. ಆದರೂ ಆಟದ ವೇಗ ಮತ್ತು ದೇಹಬಲದ ಬೇಡಿಕೆ ಬದಲಾಯಿತೆಂಬುದು ನಿಜ.

ಮಾಸ್ಕೋ ಕೂಟಕ್ಕೆ ರಾಜಕೀಯದ ನೆರಳು ಕವಿದಿತ್ತು. 1979ರ ಡಿಸೆಂಬರಿನಲ್ಲಿ ಸೋವಿಯತ್ ಸೇನೆಯು ಅಫ್ಘಾನಿಸ್ತಾನವನ್ನು ಪ್ರವೇಶಿಸಿದ್ದನ್ನು ಪ್ರತಿಭಟಿಸಿ ಅಮೆರಿಕವು ಬಹಿಷ್ಕಾರಕ್ಕೆ ಕರೆ ನೀಡಿತು. ಅರವತ್ತಕ್ಕೂ ಹೆಚ್ಚು ದೇಶಗಳು ಕೂಟದಿಂದ ದೂರ ಉಳಿದವು. ಕೆಲವು ದೇಶಗಳ ಕ್ರೀಡಾಪಟುಗಳು ಬಂದರೂ ಅವುಗಳ ಹಾಕಿ ತಂಡಗಳು ಬರಲಿಲ್ಲ. ಈ ಹೊಡೆತ ಹಾಕಿಗೆ ಬಿದ್ದಷ್ಟು ಜೋರಾಗಿ ಬೇರೆ ಕ್ರೀಡೆಗಳಿಗೆ ಬಿದ್ದದ್ದು ಕಡಿಮೆ. ಮಾಂಟ್ರಿಯಲ್‌ನಲ್ಲಿ ಚಿನ್ನ ಗೆದ್ದ ನ್ಯೂಜಿಲೆಂಡ್, ಬೆಳ್ಳಿ ಗೆದ್ದ ಆಸ್ಟ್ರೇಲಿಯಾ, ಕಂಚು ಗೆದ್ದ ಪಾಕಿಸ್ತಾನ ಮೂರೂ ಗೈರುಹಾಜರಾದವು. ನೆದರ್‌ಲೆಂಡ್ಸ್ ಮತ್ತು ಪಶ್ಚಿಮ ಜರ್ಮನಿಯೂ ಇರಲಿಲ್ಲ. ಕೊನೆಗೆ ಕಣದಲ್ಲಿ ಉಳಿದವು ಆರು ತಂಡಗಳು: ಭಾರತ, ಸ್ಪೇನ್, ಸೋವಿಯತ್ ಒಕ್ಕೂಟ, ಪೋಲೆಂಡ್, ಕ್ಯೂಬಾ ಮತ್ತು ಟಾಂಜಾನಿಯಾ. ಇವುಗಳಲ್ಲಿ ಕ್ಯೂಬಾ ಮತ್ತು ಟಾಂಜಾನಿಯಾ ಒಲಿಂಪಿಕ್ ಹಾಕಿಯಲ್ಲಿ ಅದಕ್ಕೆ ಮುಂಚೆ ಆಡಿರಲಿಲ್ಲ, ಆಮೇಲೂ ಆಡಿಲ್ಲ.

ಪಂದ್ಯಗಳು

ಆರೂ ತಂಡಗಳು ಪರಸ್ಪರ ಒಂದೊಂದು ಪಂದ್ಯವನ್ನು ಆಡಬೇಕು. ಮೊದಲೆರಡು ಸ್ಥಾನ ಪಡೆದ ತಂಡಗಳು ಚಿನ್ನಕ್ಕಾಗಿ, ಮುಂದಿನ ಎರಡು ತಂಡಗಳು ಕಂಚಿಗಾಗಿ ಸೆಣಸಬೇಕು ಎಂಬುದು ನಿಯಮವಾಗಿತ್ತು. ಗೆಲುವಿಗೆ 2 ಅಂಕ, ಸಮಬಲಕ್ಕೆ 1 ಅಂಕ. ಇಂದಿನಂತೆ ಹದಿನೈದು ನಿಮಿಷಗಳ ನಾಲ್ಕು ಭಾಗಗಳು ಆಗ ಇರಲಿಲ್ಲ. 35 ನಿಮಿಷಗಳ ಎರಡು ಅವಧಿಗಳಲ್ಲಿ ಪಂದ್ಯ ಮುಗಿಯುತ್ತಿತ್ತು. ಭಾರತದ ಫಲಿತಾಂಶಗಳು ಹೀಗಿವೆ:

ಟಾಂಜಾನಿಯಾ ವಿರುದ್ಧ 18–0 ಗೆಲುವು
ಪೋಲೆಂಡ್ ವಿರುದ್ಧ 2–2 ಸಮಬಲ
ಸ್ಪೇನ್ ವಿರುದ್ಧ 2–2 ಸಮಬಲ
ಕ್ಯೂಬಾ ವಿರುದ್ಧ 13–0 ಗೆಲುವು
ಸೋವಿಯತ್ ಒಕ್ಕೂಟದ ವಿರುದ್ಧ 4–2 ಗೆಲುವು
ಸ್ಪೇನ್ ವಿರುದ್ಧ (ಅಂತಿಮ ಪಂದ್ಯ) 4–3 ಗೆಲುವು

ಲೀಗ್ ಹಂತ ಮುಗಿದಾಗ ಸ್ಪೇನ್ 9 ಅಂಕಗಳೊಂದಿಗೆ ಮೊದಲ ಸ್ಥಾನದಲ್ಲಿಯೂ ಭಾರತ 8 ಅಂಕಗಳೊಂದಿಗೆ ಎರಡನೆಯ ಸ್ಥಾನದಲ್ಲಿಯೂ ಇದ್ದವು. ಚಿನ್ನ ಗೆದ್ದ ತಂಡವು ಲೀಗಿನಲ್ಲಿ ಅಗ್ರಸ್ಥಾನಿಯಾಗಿರಲಿಲ್ಲ ಎಂಬುದನ್ನು ಬಹಳಷ್ಟು ಬರಹಗಳು ಮರೆಯುತ್ತವೆ. ಕಂಚಿನ ಪದಕವನ್ನು ಸೋವಿಯತ್ ಒಕ್ಕೂಟವು ಪೋಲೆಂಡನ್ನು 2–1ರಿಂದ ಸೋಲಿಸಿ ಪಡೆಯಿತು.

ತಂಡದ ಆಟಗಾರರು

ಗೋಲ್‌ಕೀಪರ್‌ಗಳಾಗಿ ಬೀರ್ ಬಹಾದ್ದೂರ್ ಛೆಟ್ರಿ ಮತ್ತು ಅಲನ್ ಸ್ಕೋಫೀಲ್ಡ್ ಇದ್ದರು. ರಕ್ಷಣೆ ಮತ್ತು ಮಧ್ಯದ ಸಾಲುಗಳಿಗೆ ನಾಯಕ ಭಾಸ್ಕರನ್, ಸಿಲ್ವಾನಸ್ ಡುಂಗ್‌ಡುಂಗ್, ರಾಜಿಂದರ್ ಸಿಂಗ್, ದೇವಿಂದರ್ ಸಿಂಗ್, ಗುರ್ಮೈಲ್ ಸಿಂಗ್, ರವೀಂದರ್ ಪಾಲ್ ಸಿಂಗ್ ಮತ್ತು ಎಂ. ಎಂ. ಸೋಮಯ್ಯ ಸೇರಿದ್ದರು. ಮುಂಪಡೆಯಲ್ಲಿ ಮಹಾರಾಜ್ ಕಿಶನ್ ಕೌಶಿಕ್, ಮರ್ವಿನ್ ಫರ್ನಾಂಡಿಸ್, ಸುರಿಂದರ್ ಸಿಂಗ್ ಸೋಧಿ, ಮೊಹಮ್ಮದ್ ಶಾಹಿದ್, ಜಫರ್ ಇಕ್ಬಾಲ್, ಚರಣ್‌ಜಿತ್ ಕುಮಾರ್ ಮತ್ತು ಅಮರ್‌ಜಿತ್ ರಾಣಾ ಸಿಂಗ್ ಇದ್ದರು.

ಈ ಹದಿನಾರು ಹೆಸರುಗಳನ್ನು ಭೂಪಟದ ಮೇಲಿಟ್ಟು ನೋಡಿದರೆ ಅಂದಿನ ಭಾರತೀಯ ಹಾಕಿಯ ನೆಲೆಗಳು ಕಾಣಿಸುತ್ತವೆ. ಪಂಜಾಬಿನ ಪಾಲು ದೊಡ್ಡದು. ಡುಂಗ್‌ಡುಂಗ್ ಇಂದಿನ ಜಾರ್ಖಂಡದ ಸಿಮ್ಡೇಗಾ ಪ್ರದೇಶದ ಆದಿವಾಸಿ ಹಾಕಿಯ ಪರಂಪರೆಯಿಂದ ಬಂದವರು. ಶಾಹಿದ್ ವಾರಾಣಸಿಯವರು, ಆಗ ಅವರಿಗೆ ಇಪ್ಪತ್ತು ವರ್ಷ. ಭಾಸ್ಕರನ್ ತಮಿಳುನಾಡಿನವರು, ಫರ್ನಾಂಡಿಸ್ ಮುಂಬಯಿಯವರು. ಕೊಡಗಿನಿಂದ ಸೋಮಯ್ಯ ಒಬ್ಬರೇ.

ಆ ಕಾಲದಲ್ಲಿ ಆಟಗಾರರನ್ನು ಬೇಕೆಂದಾಗಲೆಲ್ಲ ಹೊರಗೆ ಕರೆದು ಮತ್ತೆ ಒಳಗೆ ಕಳುಹಿಸುವ ಇಂದಿನ ಪದ್ಧತಿ ಇರಲಿಲ್ಲ. ಆದುದರಿಂದ ಪಟ್ಟಿಯಲ್ಲಿ ಹೆಸರಿರುವ ಎಲ್ಲರಿಗೂ ಸಮನಾದ ಆಟದ ಅವಧಿ ದೊರೆಯುತ್ತಿರಲಿಲ್ಲ. ಹಳೆಯ ತಂಡಗಳ ಪಟ್ಟಿಗಳನ್ನು ಓದುವ ವಿದ್ಯಾರ್ಥಿಗಳು ಈ ಅಂಶವನ್ನು ಗಮನದಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.

ಗೋಲುಗಳ ಲೆಕ್ಕ

ಭಾರತದ 43 ಗೋಲುಗಳಲ್ಲಿ 15 ಗೋಲುಗಳು ಸೆಂಟರ್ ಫಾರ್ವರ್ಡ್ ಸುರಿಂದರ್ ಸಿಂಗ್ ಸೋಧಿಯವರವು. ಅಂದರೆ ತಂಡದ ಗೋಲುಗಳಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಒಬ್ಬರೇ ಹೊಡೆದದ್ದು. ಪಂದ್ಯಾವಳಿಯ ಅತ್ಯಧಿಕ ಗೋಲುಗಳ ಶ್ರೇಯಸ್ಸು ಮಾತ್ರ 16 ಗೋಲು ಹೊಡೆದ ಸ್ಪೇನಿನ ಹುವಾನ್ ಅಮಾಟ್ ಅವರಿಗೆ ಸಲ್ಲುತ್ತದೆ.

ಒಟ್ಟು ಗೋಲುಗಳನ್ನು ಆರು ಪಂದ್ಯಗಳಿಗೆ ಹಂಚಿದರೆ ಪಂದ್ಯವೊಂದಕ್ಕೆ ಸರಾಸರಿ ಏಳಕ್ಕೂ ಹೆಚ್ಚು ಗೋಲು ಬರುತ್ತದೆ. ಧ್ಯಾನ್‌ಚಂದ್ ಕಾಲವನ್ನು ನೆನಪಿಸುವ ಸರಾಸರಿ ಇದು. ಆದರೆ ಇದರಲ್ಲಿ 31 ಗೋಲುಗಳು ಟಾಂಜಾನಿಯಾ ಮತ್ತು ಕ್ಯೂಬಾ ವಿರುದ್ಧದ ಎರಡೇ ಪಂದ್ಯಗಳಲ್ಲಿ ಬಂದವು. ಆ ಎರಡನ್ನು ಬದಿಗಿಟ್ಟರೆ ಉಳಿಯುವುದು ನಾಲ್ಕು ಪಂದ್ಯಗಳು, 12 ಗೋಲುಗಳು. ಬಿಟ್ಟುಕೊಟ್ಟ 9 ಗೋಲುಗಳೆಲ್ಲವೂ ಈ ನಾಲ್ಕರಲ್ಲಿಯೇ ಸೇರಿವೆ. ಸರಾಸರಿ ಏಳರಿಂದ ಮೂರಕ್ಕೆ ಇಳಿಯುತ್ತದೆ. ಎರಡು ಪಂದ್ಯಗಳು ಸಮಬಲ, ಒಂದು ಗೆಲುವು ಒಂದೇ ಗೋಲಿನ ಅಂತರದ್ದು. 43–9 ಎಂಬ ಮೊತ್ತವು ಏಕಪಕ್ಷೀಯ ಯಾತ್ರೆಯೊಂದರ ಚಿತ್ರ ಕೊಡುತ್ತದೆ. 12–9 ಎಂಬುದು ಕಷ್ಟಪಟ್ಟು ಗೆದ್ದ ತಂಡದ ಚಿತ್ರ. ಎರಡನೆಯದೇ ಸತ್ಯಕ್ಕೆ ಹತ್ತಿರವಾದದ್ದು ಮತ್ತು ತಂಡಕ್ಕೆ ಹೆಚ್ಚು ಗೌರವ ತರುವಂಥದ್ದು.

ಸ್ಪೇನಿಗೂ ಇದೇ ಮಾತು ಅನ್ವಯಿಸುತ್ತದೆ. ಲೀಗಿನಲ್ಲಿ ಅದು 33 ಗೋಲು ಹೊಡೆದು 3 ಗೋಲುಗಳನ್ನಷ್ಟೇ ಬಿಟ್ಟುಕೊಟ್ಟಿತ್ತು. ಬಿಟ್ಟ ಮೂರರಲ್ಲಿ ಎರಡು ಭಾರತದವು.

ಅಂತಿಮ ಪಂದ್ಯ

ಜುಲೈ 29ರಂದು ಡೈನಮೊ ಕ್ರೀಡಾಂಗಣದ ಕಿರಿಯ ಅಂಕಣದಲ್ಲಿ ಅಂತಿಮ ಪಂದ್ಯ ನಡೆಯಿತು. ಬಹಿಷ್ಕಾರದಿಂದ ಮಂಕಾದ ಕೂಟವಾದರೂ ಎದುರಾಳಿ ಸಾಮಾನ್ಯವಾಗಿರಲಿಲ್ಲ. ಸ್ಪೇನ್ 1971ರ ಮೊದಲ ವಿಶ್ವಕಪ್ಪಿನಲ್ಲಿ ಎರಡನೆಯ ಸ್ಥಾನ ಪಡೆದಿತ್ತು. 1974ರಲ್ಲಿ ಯೂರೋಪಿನ ಚಾಂಪಿಯನ್ ಆಗಿತ್ತು.

ಮೊದಲ ಅವಧಿಯಲ್ಲಿ ಸೋಧಿ ಎರಡು ಗೋಲು ಹೊಡೆದು ಭಾರತಕ್ಕೆ 2–0 ಮುನ್ನಡೆ ತಂದರು. ವಿರಾಮದ ನಂತರ ಕೌಶಿಕ್ ಮೂರನೆಯ ಗೋಲು ಸೇರಿಸಿದರು. 3–0 ಆದಾಗ ಪಂದ್ಯ ಮುಗಿದಂತೆಯೇ ಎಂದು ಯಾರಾದರೂ ಭಾವಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಅಮಾಟ್ ಎರಡು ಗೋಲು ಹೊಡೆದು ಅಂತರವನ್ನು 3–2ಕ್ಕೆ ಇಳಿಸಿದರು. ಆಗ ಶಾಹಿದ್ ಹೊಡೆದ ನಾಲ್ಕನೆಯ ಗೋಲೇ ನಿರ್ಣಾಯಕವಾಯಿತು. ಕೊನೆಯ ಹಂತದಲ್ಲಿ ಅಮಾಟ್ ತಮ್ಮ ಮೂರನೆಯ ಗೋಲನ್ನೂ ಹೊಡೆದು 4–3 ಮಾಡಿದರು. ಉಳಿದ ನಿಮಿಷಗಳಲ್ಲಿ ಭಾರತದ ರಕ್ಷಣೆ ಮಣಿಯಲಿಲ್ಲ. ಹೀಗೆ ಫೈನಲ್‌ನ ಏಳು ಗೋಲುಗಳನ್ನು ಹೊಡೆದವರು ನಾಲ್ಕೇ ಜನ. ಗೋಲಿನ ಪಟ್ಟಿಯನ್ನು ಮಾತ್ರ ಓದುವವರಿಗೆ ಈ ಪಂದ್ಯದಲ್ಲಿ ಉಳಿದವರು ಏನು ಮಾಡಿದರೆಂಬುದು ತಿಳಿಯುವುದಿಲ್ಲ.

ಎಂ. ಎಂ. ಸೋಮಯ್ಯ

ಹಾಗೆ ಪಟ್ಟಿಯಲ್ಲಿ ಸುಲಭವಾಗಿ ಕಾಣದವರಲ್ಲಿ ಸೋಮಯ್ಯ ಒಬ್ಬರು. 1959ರ ಮೇ 9ರಂದು ಜನಿಸಿದ ಇವರಿಗೆ ಮಾಸ್ಕೋ ಕೂಟದ ವೇಳೆ ಇಪ್ಪತ್ತೊಂದು ವರ್ಷ. ಇವರ ಸ್ಥಾನ ರೈಟ್ ಹಾಫ್, ಎಂದರೆ ಮಧ್ಯದ ಸಾಲಿನ ಬಲಬದಿ. ಭಾರತವು ಆಗ ಐವರು ಮುಂಪಡೆಯವರು, ಅವರ ಹಿಂದೆ ಮೂವರು ಹಾಫ್‌ಬ್ಯಾಕ್‌ಗಳು, ಇಬ್ಬರು ಫುಲ್‌ಬ್ಯಾಕ್‌ಗಳು ಎಂಬ ಸಾಂಪ್ರದಾಯಿಕ ವಿನ್ಯಾಸವನ್ನು ನೆಚ್ಚಿಕೊಂಡಿತ್ತು. ಈ ವಿನ್ಯಾಸದಲ್ಲಿ ಅಂಚಿನ ಹಾಫ್‌ಬ್ಯಾಕ್‌ನ ಕೆಲಸ ಇಬ್ಬಗೆಯದು: ಎದುರಾಳಿಯ ಅಂಚಿನ ಮುಂಪಡೆಯವನನ್ನು ಬೆನ್ನುಹತ್ತಿ ತಡೆಯಬೇಕು, ಚೆಂಡು ಕೈಸೇರಿದ ಕೂಡಲೇ ಅದನ್ನು ತಮ್ಮ ಮುಂಪಡೆಗೆ ತಲುಪಿಸಬೇಕು. ತಡೆದ ದಾಳಿಗಳಿಗೆ, ಕೊಟ್ಟ ಪಾಸುಗಳಿಗೆ ಅಂದಿನ ದಾಖಲೆಗಳಲ್ಲಿ ಅಂಕಣವೇ ಇರಲಿಲ್ಲ. ಗೋಲು ಹೊಡೆದವರ ಹೆಸರು ಮಾತ್ರ ಬರೆಯಲಾಗುತ್ತಿತ್ತು. ಇವರ ಯೋಗ್ಯತೆಗೆ ಸಾಕ್ಷಿಯನ್ನು ಬೇರೆ ಕಡೆ ಹುಡುಕಬೇಕು: ಸತತ ಮೂರು ಒಲಿಂಪಿಕ್ಸ್‌ಗಳಿಗೆ ಆಯ್ಕೆಯಾದರು, 1985ರ ಅರ್ಜುನ ಪ್ರಶಸ್ತಿ ಪಡೆದರು, 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ತಂಡದ ನಾಯಕರಾದರು.

ಹೆಸರುಗಳ ಗೊಂದಲ

ಅಂತರರಾಷ್ಟ್ರೀಯ ದಾಖಲೆಗಳಲ್ಲಿ ಕರ್ನಾಟಕದ ಆಟಗಾರರನ್ನು ಹುಡುಕುವವರಿಗೆ ಎದುರಾಗುವ ಮೊದಲ ತೊಡಕು ಹೆಸರಿನದು. ಸೋಮಯ್ಯ ಅವರ ಪೂರ್ಣ ಹೆಸರು ಮನೆಯಪಂಡ ಮುತ್ತಣ್ಣ ಸೋಮಯ್ಯ. ಇದರಲ್ಲಿ ಮೊದಲನೆಯದು ಒಕ್ಕದ ಹೆಸರು, ನಡುವಿನದು ತಂದೆಯ ಹೆಸರು, ಕೊನೆಯದು ಸ್ವಂತ ಹೆಸರು. ಜನರಲ್ ಕೊಡಂದೇರ ಮಾದಪ್ಪ ಕಾರ್ಯಪ್ಪ ಅವರ ಹೆಸರೂ ಇದೇ ಕ್ರಮದಲ್ಲಿದೆ. ಬೀದರ್, ಕಲಬುರಗಿ ಕಡೆಯಲ್ಲಿ ಇದಕ್ಕೆ ತದ್ವಿರುದ್ಧ: ಅಲ್ಲಿ ಸ್ವಂತ ಹೆಸರು ಮೊದಲು, ಅಡ್ಡಹೆಸರು ಕೊನೆಗೆ. ಆದ್ದರಿಂದ ಬಸವಕಲ್ಯಾಣದ ಅಥವಾ ಹುಮನಾಬಾದಿನ ವಿದ್ಯಾರ್ಥಿಯೊಬ್ಬ ‘ಸೋಮಯ್ಯ’ ಎಂಬುದನ್ನು ಮನೆತನದ ಹೆಸರೆಂದು ತಿಳಿದರೆ ತಪ್ಪೇನಿಲ್ಲ. ಯೂರೋಪಿನ ದಾಖಲೆಕಾರರ ಪದ್ಧತಿಯೂ ಮನೆತನದ ಹೆಸರನ್ನು ಕೊನೆಯಲ್ಲಿ ಇಡುವುದೇ ಆಗಿದೆ.

ಈ ಕಾರಣದಿಂದ ಒಲಿಂಪಿಕ್ ದಾಖಲೆಗಳಲ್ಲಿ ಇವರು ‘ಸೋಮಯ್ಯ ಮನೆಯಪಂಡ’ ಎಂದು ತಿರುವುಮುರುವಾಗಿ ಕಾಣಿಸಿಕೊಳ್ಳುತ್ತಾರೆ. ಭಾರತದ ಪತ್ರಿಕೆಗಳಲ್ಲಿ ‘ಎಂ. ಎಂ. ಸೋಮಯ್ಯ’. ಎರಡೂ ಒಬ್ಬರೇ ಎಂದು ತಿಳಿಯದವರು ಇಬ್ಬರು ಆಟಗಾರರಿದ್ದರೆಂದು ಭ್ರಮಿಸುವುದು ಸಾಧ್ಯ. 1972 ಮತ್ತು 1976ರ ಒಲಿಂಪಿಕ್ಸ್‌ಗಳಲ್ಲಿ ಆಡಿದ ಕೊಡಗಿನ ಬಿ. ಪಿ. ಗೋವಿಂದ ಅವರದು ಇನ್ನೊಂದು ಬಗೆಯ ಪಾಡು: ಅವರ ಹೆಸರಿನ ಮೊದಲ ಎರಡು ಭಾಗಗಳು ಕೆಲವು ಪಟ್ಟಿಗಳಲ್ಲಿ ಕೂಡಿಕೊಂಡು ಉದ್ದದ ಒಂದೇ ಪದವಾಗಿಬಿಟ್ಟಿವೆ. 1973ರ ವಿಶ್ವಕಪ್ಪಿನಲ್ಲಿ ಬೆಳ್ಳಿ ಗೆದ್ದ ತಂಡದ ನಾಯಕ ಎಂ. ಪಿ. ಗಣೇಶ್ ಅವರ ಮೊದಲ ‘ಎಂ.’ ಕೂಡ ಮೊಳ್ಳೇರ ಎಂಬ ಒಕ್ಕದ ಹೆಸರೇ. ಹಳೆಯ ಪಟ್ಟಿಗಳಲ್ಲಿ ಹುಡುಕುವಾಗ ಹೆಸರಿನ ಎಲ್ಲ ಭಾಗಗಳನ್ನೂ ಬೇರೆ ಬೇರೆಯಾಗಿ ಪ್ರಯತ್ನಿಸಬೇಕಾಗುತ್ತದೆ.

ಅನಂತರದ ವರ್ಷಗಳು

ಮಾಸ್ಕೋದ ಚಿನ್ನವನ್ನು ಬಹಿಷ್ಕಾರದ ಕೊಡುಗೆಯೆಂದು ಹಗುರವಾಗಿ ಕಾಣುವವರಿದ್ದಾರೆ. ಅನಂತರದ ಫಲಿತಾಂಶಗಳು ಅವರ ವಾದಕ್ಕೆ ಸ್ವಲ್ಪ ಬಲ ಕೊಡುತ್ತವೆ. 1982ರ ಆರಂಭದಲ್ಲಿ ಮುಗಿದ ಮುಂಬಯಿ ವಿಶ್ವಕಪ್ಪಿನಲ್ಲಿ ಭಾರತ ಐದನೆಯ ಸ್ಥಾನ ಪಡೆಯಿತು. ಅದೇ ವರ್ಷದ ಕೊನೆಯಲ್ಲಿ ದೆಹಲಿ ಏಷ್ಯಾಡ್‌ನ ಅಂತಿಮ ಪಂದ್ಯದಲ್ಲಿ ಪಾಕಿಸ್ತಾನದ ಎದುರು 1–7ರಿಂದ ಸೋತಿತು. 1984ರ ಲಾಸ್ ಏಂಜಲೀಸ್‌ನಲ್ಲಿ ಐದನೆಯ, ಸೋಲ್‌ನಲ್ಲಿ ಆರನೆಯ ಸ್ಥಾನ ಬಂತು. ಆದರೆ ಬಾರದವರನ್ನು ಸೋಲಿಸುವ ಅವಕಾಶ ಯಾವ ತಂಡಕ್ಕೂ ಇರುವುದಿಲ್ಲ. ಯೂರೋಪಿನ ಮಾಜಿ ಚಾಂಪಿಯನ್ನರನ್ನು ಕೃತಕ ಹುಲ್ಲಿನ ಮೇಲೆ ಸೋಲಿಸಿದ್ದು, ಮಾಂಟ್ರಿಯಲ್‌ನಲ್ಲಿ ಏಳನೆಯ ಸ್ಥಾನಕ್ಕೆ ಇಳಿದ ನಾಲ್ಕೇ ವರ್ಷಗಳಲ್ಲಿ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಮಾಸ್ಕೋದಲ್ಲಿಯೇ ಮಹಿಳೆಯರ ಹಾಕಿಯು ಮೊದಲ ಬಾರಿಗೆ ಒಲಿಂಪಿಕ್ಸ್‌ಗೆ ಸೇರ್ಪಡೆಯಾಯಿತು. ಆರು ತಂಡಗಳ ಆ ಸ್ಪರ್ಧೆಯಲ್ಲಿ ಜಿಂಬಾಬ್ವೆ ಚಿನ್ನ ಗೆದ್ದಿತು; ಭಾರತದ ಮಹಿಳೆಯರು ನಾಲ್ಕನೆಯವರಾದರು.

ಪುರುಷರ ತಂಡದ ಶಾಹಿದ್ 2016ರ ಜುಲೈ 20ರಂದು ನಿಧನರಾದರು. ಕೌಶಿಕ್ ಮತ್ತು ರವೀಂದರ್ ಪಾಲ್ ಸಿಂಗ್ ಇಬ್ಬರೂ ಕೋವಿಡ್ ಎರಡನೆಯ ಅಲೆಯಲ್ಲಿ, 2021ರ ಮೇ 8ರ ಒಂದೇ ದಿನ ತೀರಿಕೊಂಡರು. ಅದಾದ ಮೂರೇ ತಿಂಗಳಲ್ಲಿ, ಟೋಕಿಯೊದಲ್ಲಿ, ಭಾರತ ಪುರುಷರ ತಂಡವು ಕಂಚು ಗೆದ್ದು ಮಾಸ್ಕೋದ ನಂತರದ ತನ್ನ ಮೊದಲ ಒಲಿಂಪಿಕ್ ಪದಕವನ್ನು ಪಡೆಯಿತು.