ಸೂಕ್ಷ್ಮಸ್ತಂಭಗಳ ಸತ್ತ್ವಪರೀಕ್ಷೆ

ಲೋಹದ ಬಲವನ್ನು ಅಳೆಯುವ ವಿದ್ಯೆ ಹೊಸತಲ್ಲ. ಸೇತುವೆಗೆ ಹಾಕತಕ್ಕ ಉಕ್ಕಾಗಲಿ, ಗಾಡಿಯ ಅಚ್ಚಿಗೆ ಬಳಸತಕ್ಕ ಕಬ್ಬಿಣವಾಗಲಿ, ಅದರದೊಂದು ಸರಳನ್ನು ಯಂತ್ರದ ಹಿಡಿಗಳ ನಡುವೆ ಸಿಕ್ಕಿಸಿ, ಎಷ್ಟು ಎಳೆತಕ್ಕೆ ಅದು ಮಣಿಯಿತು, ಎಷ್ಟಕ್ಕೆ ತುಂಡಾಯಿತು ಎಂದು ಲೆಕ್ಕವಿಡುವ ಪದ್ಧತಿ ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ಆದರೆ ಇದೇ ವಿದ್ಯೆಯ ಒಂದು ಕವಲು, ಕಳೆದ ಎರಡು ದಶಕಗಳಲ್ಲಿ ಬರಿಗಣ್ಣಿಗೆ ಅಗೋಚರವಾದ ಪ್ರಮಾಣಕ್ಕೆ ಇಳಿದು, ಮಿಲಿಮೀಟರಿನ ಸಾವಿರದಲ್ಲೊಂದು ಭಾಗವಾದ ಮೈಕ್ರಾನಿನಲ್ಲಿ ಅಳೆಯಬೇಕಾದಷ್ಟು ಕಿರಿದಾದ ಕಂಬಗಳನ್ನು ಲೋಹದ ಮೈಯಲ್ಲೇ ಕೆತ್ತಿ ನಿಲ್ಲಿಸಿ, ವಜ್ರದ ಮೊನೆಯಿಂದ ಒತ್ತಿ, ಅವು ಮಣಿಯುವ ಬಗೆಯನ್ನೂ ಮುರಿಯುವ ಬಗೆಯನ್ನೂ ಪರೀಕ್ಷಿಸುವ ಸ್ವತಂತ್ರ ಶಿಲ್ಪವಾಗಿ ಬೆಳೆದಿದೆ. ಲೋಹದ ಬಲವು ಬರಿಯ ದ್ರವ್ಯದಲ್ಲಿ ನೆಲೆಸಿದ ಸ್ಥಿರಗುಣವಲ್ಲ, ಅದರೊಳಗಿನ ದೋಷಗಳಿಗೂ ಆ ದೋಷಗಳಿಗೆ ದೊರೆತ ಅವಕಾಶಕ್ಕೂ ಅಧೀನವಾದದ್ದು ಎಂಬ ತತ್ತ್ವವನ್ನು ಈ ಶಿಲ್ಪವು ಪ್ರತ್ಯಕ್ಷವಾಗಿ ತೋರಿಸಿಕೊಟ್ಟಿದೆ.

ಇದರ ಮೂಲವನ್ನರಿಯಲು ಸುಮಾರು ನೂರು ವರ್ಷ ಹಿಂದಕ್ಕೆ ಹೋಗಬೇಕು. ಲೋಹವೆಂದರೆ ಪರಮಾಣುಗಳು ಸಾಲುಸಾಲಾಗಿ, ಪದರಪದರವಾಗಿ ಅಡಕಗೊಂಡ ಸ್ಫಟಿಕಗಳ ಸಮೂಹ. ಅದು ಬಾಗಿತೆಂದರೆ ಒಂದು ಪದರ ಇನ್ನೊಂದರ ಮೇಲೆ ಜಾರಿತೆಂದೇ ಅರ್ಥ. ಹೀಗೆ ಇಡಿಯ ಪದರವು ಏಕಕಾಲಕ್ಕೆ ಜಾರಬೇಕಾದರೆ ಎಷ್ಟು ಬಲ ಬೇಕೆಂಬುದನ್ನು ರಷ್ಯದ ಭೌತವಿಜ್ಞಾನಿ ಯಾಕೊವ್ ಫ್ರೆಂಕೆಲ್ 1926ರಲ್ಲಿ ಗಣಿಸಿ ನೋಡಿದಾಗ, ಶುದ್ಧ ಲೋಹದ ಹರಳುಗಳು ಅದರ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ ಬಲಕ್ಕೆ ಮಣಿದುಬಿಡುತ್ತವೆಂಬ ಆಶ್ಚರ್ಯವು ವಿದಿತವಾಯಿತು. ಈ ಒಗಟನ್ನು ಬಿಡಿಸಿದವರು ಜಿ. ಐ. ಟೇಲರ್, ಎಗಾನ್ ಒರೊವಾನ್, ಮೈಕೇಲ್ ಪೊಲಾನ್ಯಿ ಎಂಬ ಮೂವರು. ಅದೂ 1934ರ ಒಂದೇ ವರ್ಷದಲ್ಲಿ, ಬೇರೆಬೇರೆಯಾಗಿ. ಅವರ ಪ್ರಕಾರ ಪದರವು ಒಮ್ಮೆಗೇ ಜಾರುವುದಿಲ್ಲ. ಹಾಸಿದ ದೊಡ್ಡ ಜಮಖಾನೆಯನ್ನು ಒಟ್ಟಿಗೆ ಎಳೆಯಲಾರದವನು ಅದರ ಒಂದಂಚಿನಲ್ಲಿ ಸುಕ್ಕನ್ನೆಬ್ಬಿಸಿ ಆ ಸುಕ್ಕನ್ನೇ ಇನ್ನೊಂದಂಚಿಗೆ ತಳ್ಳಿಕೊಂಡು ಹೋಗುವಂತೆ, ಪರಮಾಣುಗಳ ಜೋಡಣೆಯಲ್ಲಿರುವ ಒಂದು ಎಳೆಯಷ್ಟು ದೋಷ ಸ್ಫಟಿಕದಲ್ಲಿ ಚಲಿಸುತ್ತದೆ. ಅದು ಹಾದುಹೋದಾಗ ಪದರವು ಒಂದು ಪರಮಾಣುವಿನಷ್ಟು ಸರಿದಿರುತ್ತದೆ. ಡಿಸ್ಲೊಕೇಷನ್ ಎಂದು ಕರೆಯುವ ಈ ಸ್ಥಾನಪಲ್ಲಟವು ಮೊದಲು ಕಾಗದದ ಮೇಲಿನ ಊಹೆಯಾಗಿದ್ದಿತು. 1956ರಲ್ಲಿ ಕೇಂಬ್ರಿಜ್ಜಿನ ಕ್ಯಾವೆಂಡಿಷ್ ಪ್ರಯೋಗಶಾಲೆಯಲ್ಲಿ ಪೀಟರ್ ಹಿರ್ಷ್, ರಾಬರ್ಟ್ ಹಾರ್ನ್, ಮೈಕೇಲ್ ವೇಲನ್ ಎಂಬವರು ಅತ್ಯಂತ ತೆಳುವಾದ ಅಲ್ಯೂಮಿನಿಯಂ ಹಾಳೆಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿಟ್ಟು, ಆ ದೋಷರೇಖೆಗಳು ಸಂಚರಿಸುವುದನ್ನು ಕಣ್ಣಾರೆ ಕಂಡರು.

ದೋಷವೊಂದು ಇದ್ದರೆ ಲೋಹ ಮೃದುವಾಗುವುದು ಹೇಗೋ, ದೋಷಗಳು ವಿಪರೀತವಾದರೆ ಒಂದಕ್ಕೊಂದು ತೊಡಕಿಕೊಂಡು ದಾರಿಗಟ್ಟಿ ಲೋಹ ಗಡುಸಾಗುವುದೂ ಹಾಗೆಯೇ ಸತ್ಯ. ತಣ್ಣಗಿನ ತಾಮ್ರವನ್ನು ಬಡಿದಷ್ಟೂ ಅದು ಬಿರುಸಾಗಿ, ಕಾಯಿಸಿದರೆ ಮತ್ತೆ ಹದಕ್ಕೆ ಬರುತ್ತದೆಂಬುದು ನಮ್ಮ ಕಂಚುಗಾರರಿಗೆ ತಲೆಮಾರುಗಳಿಂದ ಕೈಯ ಅನುಭವವಾಗಿ ತಿಳಿದ ಸಂಗತಿ. ಬಡಿತದಿಂದ ದೋಷಗಳು ಹೆಚ್ಚಿ ಸಿಕ್ಕುಗಟ್ಟಿದವು, ಶಾಖದಿಂದ ಆ ಸಿಕ್ಕು ಬಿಟ್ಟಿತು ಎಂದು ವಿಜ್ಞಾನ ಅದಕ್ಕೆ ಕಾರಣ ಹೇಳುತ್ತದೆ.

ಹಾಗಾದರೆ ದೋಷವೇ ಇಲ್ಲದ, ಅಥವಾ ದೋಷಕ್ಕೆ ಎಡೆಯೇ ಇಲ್ಲದಷ್ಟು ಕಿರಿದಾದ ಲೋಹ ಹೇಗೆ ವರ್ತಿಸೀತು? ಇದರ ಮೊದಲ ಸುಳಿವು ದೊರೆತದ್ದು, ತವರದ ಲೇಪದಿಂದ ತಾವಾಗಿಯೇ ಮೊಳೆತು ವಿದ್ಯುದುಪಕರಣಗಳಲ್ಲಿ ಶಾರ್ಟ್ ಸರ್ಕ್ಯೂಟಿಗೆ ಕಾರಣವಾಗುತ್ತಿದ್ದ ನವಿರು ಎಳೆಗಳಿಂದ. ಅಮೆರಿಕದ ಬೆಲ್ ಪ್ರಯೋಗಶಾಲೆಯ ಹೆರಿಂಗ್ ಮತ್ತು ಗಾಲ್ಟ್ 1952ರಲ್ಲಿ ಇಂಥ ಎಳೆಗಳನ್ನು ಬಗ್ಗಿಸಿ ನೋಡಿ, ಅವುಗಳ ಬಲವು ಸೈದ್ಧಾಂತಿಕ ಮಿತಿಯ ಸನಿಹಕ್ಕೆ ಬರುತ್ತದೆಂದು ಸಾರಿದರು. 1956ರಲ್ಲಿ ಬ್ರೆನ್ನರ್ ಎಂಬ ವಿಜ್ಞಾನಿ ಎಳೆದು ನೋಡಿದ ಕಬ್ಬಿಣದ ಎಳೆಗಳಲ್ಲಿ ಅತ್ಯಂತ ಬಲವಾದದ್ದು ಚದರ ಮಿಲಿಮೀಟರಿಗೆ ಸುಮಾರು 13,000 ನ್ಯೂಟನ್ ಎಳೆತವನ್ನು ತಾಳಿತು; ಕಟ್ಟಡಕ್ಕೆ ಬಳಸುವ ಸಾಮಾನ್ಯ ಉಕ್ಕು 400–500 ನ್ಯೂಟನ್ ಸುಮಾರಿಗೇ ಹರಿಯುತ್ತದೆ.

ಆದರೆ ಪ್ರಕೃತಿ ಬೆಳೆಸಿಕೊಟ್ಟ ಎಳೆಗಾಗಿ ಕಾಯದೆ, ಬೇಕಾದ ಲೋಹದಲ್ಲಿ, ಬೇಕಾದ ಸ್ಥಳದಲ್ಲಿ, ಬೇಕಾದ ಅಳತೆಯ ಮಾದರಿಯನ್ನು ಕೆತ್ತಿಕೊಳ್ಳುವ ಶಿಲ್ಪವು ಪ್ರಸಿದ್ಧಿಗೆ ಬಂದದ್ದು 2004ರಲ್ಲಿ. ಆ ವರ್ಷ ಮೈಕೇಲ್ ಯೂಚಿಕ್, ಡೆನ್ನಿಸ್ ಡಿಮಿಡಕ್, ಫ್ಲೊರಾಂಡೊ, ವಿಲಿಯಂ ನಿಕ್ಸ್ ಎಂಬವರು ನಿಕ್ಕಲ್ಲಿನ ಕಂಬಗಳನ್ನು ಹತ್ತಾರು ಮೈಕ್ರಾನ್‌ಗಳಿಂದ ಕೆಲವೇ ಮೈಕ್ರಾನ್‌ಗಳವರೆಗೆ ಕಿರಿದುಗೊಳಿಸಿ ಒತ್ತಿದಾಗ, ಅದೇ ಲೋಹ ಗಾತ್ರ ತಗ್ಗಿದಂತೆಲ್ಲ ಬಲವಾಗುತ್ತ ಹೋದುದನ್ನು ಕಂಡರು. ಕೆತ್ತುವ ಉಳಿಯಾದರೋ ಗ್ಯಾಲಿಯಂ ಅಯಾನುಗಳ ಕಿರಣ. ಅದು ಲೋಹದ ಪರಮಾಣುಗಳನ್ನು ಹಾರಿಸುತ್ತ ಸುತ್ತಲೂ ಗುಂಡಿಯನ್ನು ತೋಡಿ, ನಡುವೆ ಒಂದು ಕಂಬವನ್ನು ಉಳಿಸುತ್ತದೆ. ಮೊದಲು ಬಿರುಸು ಕಿರಣದಿಂದ ಒರಟಾಗಿ ತೋಡಿ, ಕೊನೆಗೆ ಮಂದ ಕಿರಣದಿಂದ ಮೈಯನ್ನು ನುಣುಪುಗೊಳಿಸುವುದರಲ್ಲಿ ಕುಶಲಿಯ ತಾಳ್ಮೆಯೆಲ್ಲ ಅಡಗಿದೆ. ಆಮೇಲೆ ಸಮತಟ್ಟಾದ ತುದಿಯ ವಜ್ರವು ಕಂಬದ ನೆತ್ತಿಯನ್ನು ಮುಟ್ಟಿ, ನ್ಯೂಟನ್ನಿನ ಹತ್ತು ಲಕ್ಷದಲ್ಲೊಂದು ಭಾಗದ ಲೆಕ್ಕದಲ್ಲಿ ಬಲವನ್ನೂ, ಮೈಕ್ರಾನಿನ ಸಾವಿರದಲ್ಲೊಂದು ಭಾಗದ ಲೆಕ್ಕದಲ್ಲಿ ಸರಿತವನ್ನೂ ಅಳೆಯುತ್ತ ಕೆಳಗಿಳಿಯುತ್ತದೆ.

ಆಗ ಕಾಣುವುದು ದೊಡ್ಡ ಸರಳಿನ ನಯವಾದ ಮಣಿತವಲ್ಲ. ಕಂಬವು ಸ್ವಲ್ಪ ಹೊತ್ತು ಅಲುಗದೆ ನಿಂತು, ಥಟ್ಟನೆ ಒಂದಿಷ್ಟು ಜಾರಿ, ಮತ್ತೆ ನಿಂತು, ಮತ್ತೆ ಜಾರುತ್ತದೆ. ಸಣ್ಣ ಜಾರುವಿಕೆಗಳು ಬಹಳ, ದೊಡ್ಡವು ವಿರಳ ಎಂಬ ಈ ಅನುಪಾತವು ಭೂಕಂಪಗಳು ಅನುಸರಿಸುವ ಬಗೆಯ ನಿಯಮಕ್ಕೇ ಹೊಂದುತ್ತದೆಂದು 2006ರಲ್ಲಿ ಡಿಮಿಡಕ್ ಮತ್ತು ಸಂಗಡಿಗರು ತೋರಿಸಿದರು. ದೊಡ್ಡ ಲೋಹದಲ್ಲಿ ಅಸಂಖ್ಯ ದೋಷಗಳ ಚಲನೆ ಒಟ್ಟುಗೂಡಿ ಸರಾಸರಿಯಾಗುವುದರಿಂದ ನಯವಾಗಿ ತೋರುತ್ತದೆ. ಕಿರಿಯ ಕಂಬದಲ್ಲಿ ಆ ಸರಾಸರಿಯ ಮುಸುಕಿಲ್ಲ. ಜೂಲಿಯಾ ಗ್ರಿಯರ್ ಮತ್ತು ನಿಕ್ಸ್ ಚಿನ್ನದ ಕಂಬಗಳನ್ನು ಪರೀಕ್ಷಿಸಿ, ಮೇಲ್ಮೈ ಇಷ್ಟು ಹತ್ತಿರವಿರುವಾಗ ದೋಷಗಳು ಹೆಚ್ಚುವ ಮೊದಲೇ ಹೊರಬಿದ್ದು, ಕಂಬವು ದೋಷಗಳ ಬರಗಾಲಕ್ಕೆ ಸಿಕ್ಕಿ, ಹೊಸ ದೋಷದ ಹುಟ್ಟಿಗೆ ಅತಿಶಯ ಬಲವನ್ನು ಬೇಡುತ್ತದೆಂದು ವಿವರಿಸಿದರು.

ಈ ವಾದವನ್ನು ಒರೆಗೆ ಹಚ್ಚುವ ಪ್ರಯೋಗಗಳೂ ನಡೆದವು; ಏಕೆಂದರೆ ಕೆತ್ತುವ ಅಯಾನುಗಳೇ ಲೋಹದ ಮೈಯನ್ನು ಗಾಯಗೊಳಿಸುತ್ತವೆ. ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಶಾಲೆಯ ಬೇ, ಜಾರ್ಜ್, ಫಾರ್ ಮೊದಲಾದವರು ಕಿರಣವನ್ನೇ ಬಳಸದೆ, ಮಿಶ್ರಲೋಹವೊಂದರಲ್ಲಿ ಸಹಜವಾಗಿ ಬೆಳೆದ ಮಾಲಿಬ್ಡಿನಮ್ ಕಂಬಗಳ ಸುತ್ತಣ ಲೋಹವನ್ನು ರಾಸಾಯನಿಕವಾಗಿ ಕರಗಿಸಿ ತೆಗೆದರು. ಹಾಗೆ ದೊರೆತ ನಿರ್ದೋಷ ಕಂಬಗಳು ಗಾತ್ರ ಯಾವುದಿದ್ದರೂ ಸೈದ್ಧಾಂತಿಕ ಬಲದಲ್ಲೇ ಮಣಿದವು. ಮೊದಲೇ ಮಣಿಸಿ ಒಳಗೆ ದೋಷಗಳನ್ನು ತುಂಬಿದಾಗ ಅದೇ ಕಂಬಗಳು ದುರ್ಬಲವಾದವು. ಗಾತ್ರದ ಮಹಿಮೆಯೆಂದು ತೋರಿದ್ದರ ಹಿಂದೆ ದೋಷಗಳ ಕಥೆಯೇ ಇದ್ದುದು ಇದರಿಂದ ದೃಢಪಟ್ಟಿತು.

ಮಣಿಯುವಿಕೆಯಂತೆಯೇ ಬಿರುಕಿನ ಪರೀಕ್ಷೆಯೂ ಈ ಪ್ರಮಾಣಕ್ಕಿಳಿದಿದ್ದು, ಅದರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೂ ಪಾಲುಂಟು. ಅಲ್ಲಿ ನಾಗಮಣಿ ಜಯ, ವಿಕ್ರಮ್ ಜಯರಾಂ, ಸಂಜಯ್ ಬಿಸ್ವಾಸ್ ಇವರು, ಜೆಟ್ ಎಂಜಿನ್ನಿನ ಅಲಗುಗಳನ್ನು ಕಾಯುವ ಲೇಪದ ಒಳಗಿನಿಂದ ಸೂಕ್ಷ್ಮ ತೊಲೆಗಳನ್ನು ಕೆತ್ತಿ, ಎರಡು ತುದಿಗಳನ್ನೂ ಬಿಗಿಯಾಗಿಯೇ ಉಳಿಸಿಕೊಂಡು, ನಡುವೆ ಸೀಳನ್ನಿಟ್ಟು ಒತ್ತುವ ವಿಧಾನವನ್ನು ರೂಪಿಸಿದರು. ಒಂದೇ ತುದಿಯಲ್ಲಿ ಆಸರೆಯುಳ್ಳ ತೊಲೆಯಲ್ಲಿ ಬಿರುಕು ಹೊರಟರೆ ಕ್ಷಣದಲ್ಲಿ ತುಂಡಾಗಿಬಿಡುವ ಲೇಪವು, ಇಲ್ಲಿ ಬಿರುಕನ್ನು ಮೆಲ್ಲನೆ ಮುಂದುವರಿಯಗೊಡುವುದರಿಂದ, ಅದರ ನಡೆಯನ್ನು ಹಂತಹಂತವಾಗಿ ಗಮನಿಸುವುದು ಸಾಧ್ಯವಾಯಿತು.

ಗಣಕದ ಚಿಪ್ಪಿನೊಳಗಣ ತಾಮ್ರದ ತಂತಿಗಳು ಇಂದು ಮೈಕ್ರಾನಿಗಿಂತಲೂ ಬಹಳ ಕಿರಿದು. ದೊಡ್ಡ ಸರಳಿನ ಲೆಕ್ಕಾಚಾರ ಅವುಗಳ ಆಯುಷ್ಯವನ್ನು ಹೇಳಲಾರದು. ಪರಮಾಣು ಸ್ಥಾವರದಲ್ಲಿ ವಿಕಿರಣಕ್ಕೆ ಒಡ್ಡಿದ ಉಕ್ಕಿನಿಂದ ದೊಡ್ಡ ಮಾದರಿಯನ್ನು ಕತ್ತರಿಸುವುದು ಅಪಾಯಕರವಾದೆಡೆ, ಕಣದಷ್ಟು ಚೂರಿನಲ್ಲಿ ಕೆತ್ತಿದ ಕಂಬವು ಸಾಕ್ಷಿ ನುಡಿಯುತ್ತದೆ. ಆದರೆ ಇವೆಲ್ಲಕ್ಕಿಂತ ಗಂಭೀರವಾದ ಪಾಠವೊಂದಿದೆ. ದೋಷಗಳಿಂದ ತುಂಬಿದ ದೊಡ್ಡ ಲೋಹವು ಬಲದಲ್ಲಿ ಕಡಿಮೆಯಾದರೂ ಮುರಿಯುವ ಮೊದಲು ಬಾಗಿ ಎಚ್ಚರಿಸುತ್ತದೆ. ದೋಷರಹಿತವಾದ ಕಿರಿಯ ಲೋಹವು ಅಪಾರ ಬಲವನ್ನು ಹೊತ್ತು ನಿಂತು, ಸೋಲುವಾಗ ಮುನ್ಸೂಚನೆಯಿಲ್ಲದೆ ಒಮ್ಮೆಲೇ ಸೋಲುತ್ತದೆ. ಬಲವೊಂದನ್ನೇ ಬೇಡುವ ಎಂಜಿನಿಯರನು ಆ ಎಚ್ಚರಿಕೆಯನ್ನು ಕಳೆದುಕೊಳ್ಳುತ್ತಾನೆಂಬುದನ್ನು ಅರಿಯಬೇಕಾದರೆ, ಸರಳನ್ನೆಳೆಯುವ ಹಳೆಯ ಯಂತ್ರದ ಪಕ್ಕದಲ್ಲಿ ಈ ಸೂಕ್ಷ್ಮಶಿಲ್ಪಕ್ಕೂ ನಮ್ಮ ಕಾಲೇಜುಗಳು ಸ್ಥಳ ಕೊಡುವುದು ಅವಶ್ಯ.