ಮುಧೋಳ ನಾಯಿ ಮರಿಗೆ ರೇಟು ಹೆಂಗ ಕಟ್ಟಬೇಕು?

ಹೋದ ವಾರ ಜಮಖಂಡಿ ಕಡೆಯ ಒಬ್ಬ ಹುಡುಗ ಫೋನ್ ಮಾಡಿದ್ದ. "ಅಣ್ಣಾ, ನಮ್ಮ ನಾಯಿ ಆರು ಮರಿ ಹಾಕೈತಿ. ಯೂಟ್ಯೂಬ್‌ದಾಗ ಒಬ್ಬಾಂವ ಮರಿಗೆ 25 ಸಾವಿರ ಅಂತಾನ, ನಮ್ಮೂರಾಗ 5 ಸಾವಿರಕ್ಕೂ ಕೇಳವಲ್ಲರು. ನಾ ಎಷ್ಟ ಹೇಳ್ಲಿ?" ಅಂದ. ಇದೇ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟುಕೊಂಡು ನಾನೂ ಒಮ್ಮೆ ಕೈ ಸುಟ್ಟುಕೊಂಡವ. ಹಂಗಾಗಿ ಈ ವಾರ ಅದನ್ನೇ ಬರೆಯುತ್ತಿದ್ದೇನೆ.

ನಮ್ಮ ಕಡೆಯ ಈ ನಾಯಿಗೆ ಹೆಸರು ಬಂದದ್ದು ಇವತ್ತು ನಿನ್ನೆ ಅಲ್ಲ. ಮುಧೋಳ ಸಂಸ್ಥಾನದ ಅರಸ ಮಾಲೋಜಿರಾವ್ ಘೋರ್ಪಡೆ ಇದನ್ನು ಮುತುವರ್ಜಿಯಿಂದ ಬೆಳೆಸಿದರು. ಇಂಗ್ಲೆಂಡಿನ ದೊರೆ ಐದನೇ ಜಾರ್ಜ್‌ಗೂ ಜೋಡಿ ನಾಯಿ ಕಾಣಿಕೆ ಹೋಗಿದ್ದವು. 2005 ರಲ್ಲಿ ಅಂಚೆ ಇಲಾಖೆ ಇದರ ಚೀಟಿ ತಂದಿತು. 2020 ರ ಆಗಸ್ಟ್‌ನಲ್ಲಿ ಪ್ರಧಾನಿ ರೇಡಿಯೋದಾಗ ಮುಧೋಳ ನಾಯಿ ಹೆಸರು ತೆಗೆದ ಮೇಲಂತೂ ಫೋನ್ ಮೇಲೆ ಫೋನ್. ಹೆಸರು ಬಂದಾಗ ರೇಟು ಏರತೈತಿ, ಅದು ಸಹಜ. ಆದರೆ ಹೆಸರು ನೋಡಿ ರೇಟು ಕಟ್ಟಿದವರು ಉಳಿಯುವುದಿಲ್ಲ, ಖರ್ಚು ನೋಡಿ ಕಟ್ಟಬೇಕು. ರಬಕವಿ-ಬನಹಟ್ಟಿಯ ನೇಕಾರ ಸೀರೆಗೆ ಬೆಲೆ ಹೇಳುವ ಮೊದಲು ನೂಲಿನ ಲೆಕ್ಕ ಹಾಕುತ್ತಾನಲ್ಲ, ಹಂಗ.

ನನ್ನ ಮನೆಯ ಲೆಕ್ಕ ಹೇಳುತ್ತೇನೆ. ನಿಮ್ಮ ಊರಾಗ ಸ್ವಲ್ಪ ಹೆಚ್ಚು ಕಮ್ಮಿ ಆಗಬಹುದು.

ತಾಯಿ ನಾಯಿಗೆ ರೊಟ್ಟಿ, ಹಾಲು, ತತ್ತಿ, ಆಗಾಗ ಮಾಂಸ ಸೇರಿ ದಿನಕ್ಕೆ 60 ರೂಪಾಯಿ ಅಂದರೂ ವರ್ಷಕ್ಕೆ 21,900. ಮನೆಯ ರೊಟ್ಟಿ, ಮನೆಯ ಹಾಲು ಅಂತ ಲೆಕ್ಕ ಬಿಡಬೇಡಿ, ಆ ಹಾಲನ್ನು ಡೇರಿಗೆ ಹಾಕಿದ್ದರೆ ರೊಕ್ಕ ಬರುತ್ತಿತ್ತು. ಅದರ ಲಸಿಕೆ, ಜಂತಿನ ಔಷಧ 2,000. ಗಬ್ಬ ಇದ್ದಾಗ ಮತ್ತು ಮೊಲೆ ಕುಡಿಸುವಾಗ ಹೆಚ್ಚಿನ ಆಹಾರ 3,000. ಗಬ್ಬದ ಅವಧಿ ಸುಮಾರು 63 ದಿನ. ಮರಿಗಳು ನಾಲ್ಕನೇ ವಾರದಿಂದ ಬೇರೆ ಆಹಾರ ತಿನ್ನಲು ಶುರು ಮಾಡುತ್ತವೆ. ಅಲ್ಲಿಂದ 35 ದಿನ, ಒಂದು ಮರಿಗೆ ದಿನಕ್ಕೆ 40 ರೂಪಾಯಿ. ಲಸಿಕೆ, ಜಂತಿನ ಔಷಧಕ್ಕೆ ಮರಿಗೆ 1,100.

ಆರು ಹುಟ್ಟಿ ಐದು ಉಳಿದವು ಅನ್ನೋಣ. ಒಟ್ಟು ಖರ್ಚು 39,400. ಗಂಡು ನಾಯಿಯವರಿಗೆ ರೊಕ್ಕದ ಬದಲು ಒಂದು ಮರಿ ಕೊಡುವುದು ರೂಢಿ, ಅದೂ ಅವರು ಆರಿಸಿಕೊಂಡ ಮರಿ. ಅಂದರೆ ಮಾರಲು ಉಳಿದದ್ದು ನಾಲ್ಕು. ಒಂದರ ಅಸಲು 9,850. ಇದರಾಗ ನಿಮ್ಮ ದುಡಿಮೆ ಸೇರಿಲ್ಲ. ರಾತ್ರಿ ಎದ್ದು ಮರಿ ನೋಡಿದ್ದೂ ಸೇರಿಲ್ಲ.

ಆರೂ ಉಳಿದರೆ ಖರ್ಚು 41,900 ಆದರೂ ಮಾರಲು ಐದು ಮರಿ, ಅಸಲು 8,380 ಕ್ಕೆ ಇಳಿಯುತ್ತದೆ. ಮೂರೇ ಉಳಿದರೆ? ಮಾರಲು ಎರಡು, ಒಂದಕ್ಕೆ 17,200 ಬೀಳುತ್ತದೆ. "ನನಗ ಅಷ್ಟ ಬಿದ್ದೈತ್ರೀ" ಅಂದರೆ ಕೊಳ್ಳುವವ ಕೇಳುತ್ತಾನೆಯೇ? ಅವನಿಗೆ ನಿಮ್ಮ ಸತ್ತ ಮರಿಯ ಲೆಕ್ಕ ಬೇಕಿಲ್ಲ. ಅದಕ್ಕೆ ಒಂದು ಸೂಲಿನ ಮೇಲೆ ರೇಟು ಕಟ್ಟಬಾರದು, ಮೂರು ಸೂಲಿನ ಸರಾಸರಿ ತೆಗೆಯಬೇಕು. ಒಣ ಬೇಸಾಯದವರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ.

ಇನ್ನು ನನ್ನ ಕತಿ. ಮೊದಲ ಸೂಲಿನಾಗ ಆರು ಮರಿ. ಒಂದು ಗಂಡು ನಾಯಿಯವರಿಗೆ ಹೋಯಿತು. ಒಂದನ್ನು ಪುಣೆಯವರೊಬ್ಬರು 18,000 ಕೊಟ್ಟು ಒಯ್ದರು. ಅಷ್ಟಕ್ಕೆ ನನ್ನ ತಲೆ ತಿರುಗಿತು. ಎಂಟು ವಾರಕ್ಕೆ ಬೀಳಗಿ ಕಡೆಯ ಕುರಿ ಕಾಯುವ ಕಾಕಾ ಒಬ್ಬರು ಬಂದು, "ತಮ್ಮಾ, ಎಂಟೆಂಟು ಸಾವಿರಕ್ಕ ಎರಡು ಕೊಡು, ಉಳಿದೆರಡು ನಮ್ಮ ತಮ್ಮ ಒಯ್ತಾನ" ಅಂದರು. ನಾನು 20,000 ಕ್ಕಿಂತ ಕಮ್ಮಿ ಇಲ್ಲ ಅಂದೆ. ಅವ್ವ ಒಳಗಿಂದ, "ಕೊಟ್ಟ ಬಿಡೋ, ಮರಿ ಏನ್ ಬಂಗಾರಲ್ಲ ಇಟ್ಟಷ್ಟು ಇರಾಕ" ಅಂದಳು. ಕೇಳಲಿಲ್ಲ. ಹನ್ನೆರಡನೇ ವಾರಕ್ಕೆ ಪಾರ್ವೊ ಬಂತು. ಇವತ್ತೋ ನಾಳೆಯೋ ಮಾರುವ ಮರಿಗೆ ಯಾಕೆ ಖರ್ಚು ಅಂತ ಎರಡನೇ ಲಸಿಕೆ ನಾನೇ ತಪ್ಪಿಸಿದ್ದೆ. ಮೂರು ದಿನದಾಗ ಎರಡು ಮರಿ ಹೋದವು. ಉಳಿದೆರಡನ್ನು ಅದೇ ಕಾಕಾಗೆ ಐದೈದು ಸಾವಿರಕ್ಕೆ ಕೊಟ್ಟೆ. 50,000 ಬರಬೇಕಾದಲ್ಲಿ ಬಂದದ್ದು 28,000. ಕಾಕಾ ಒಂದು ಮಾತೂ ಆಡಲಿಲ್ಲ, ಅದೇ ಹೆಚ್ಚು ನೋವು.

ಅವತ್ತು ಗೊತ್ತಾದದ್ದು, ಮರಿಯ ರೇಟಿಗೆ ವಯಸ್ಸು ಅಂತ ಒಂದು ಐತಿ. ಎಂಟರಿಂದ ಹತ್ತು ವಾರದ ಮರಿಗೆ ಗಿರಾಕಿ ಹೆಚ್ಚು. ಆಮೇಲೆ ವಾರ ಕಳೆದಂತೆ ನಿಮ್ಮ ಖರ್ಚು ಏರತೈತಿ, ಕೇಳುವ ರೇಟು ಇಳಿಯತೈತಿ. ಹಂಗಂತ ಎಂಟು ವಾರಕ್ಕೆ ಮೊದಲೇ ಕೊಡುವಂತಿಲ್ಲ. ನಾಯಿ ತಳಿ ಸಾಕಣೆ ಮತ್ತು ಮಾರಾಟದ ಮೇಲೆ ಕೇಂದ್ರದ 2017 ರ ನಿಯಮ ಐತಿ. ಮಾರಾಟಕ್ಕೆ ಮರಿ ತೆಗೆಸುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು. ಹೆಣ್ಣು ನಾಯಿಗೆ 18 ತಿಂಗಳು ತುಂಬಿರಬೇಕು, ಜೀವಮಾನದಲ್ಲಿ ಐದು ಸೂಲು, ಎಂಟು ವರ್ಷದ ಮೇಲೆ ಇಲ್ಲ. ನಮ್ಮ ಕಡೆ ಬಹಳ ಜನಕ್ಕೆ ಇದು ಗೊತ್ತೇ ಇಲ್ಲ.

ಅಸಲಿನ ಮೇಲೆ ಎಷ್ಟು ಲಾಭ ಇಡಬಹುದು ಅನ್ನುವುದು ಕಾಗದ ಮತ್ತು ತಾಯಿ ತಂದೆಯ ಮೇಲೆ ನಿಂತದ್ದು. ಎರಡನ್ನೂ ಎದುರಿಗೆ ನಿಲ್ಲಿಸಿ ತೋರಿಸಿದರೆ ಗಿರಾಕಿ ಚೌಕಾಸಿ ಕಮ್ಮಿ ಮಾಡುತ್ತಾನೆ. ಉದ್ದ ತಲೆ, ಆಳ ಎದೆ, ಸಣ್ಣ ನಡ, ಇವನ್ನು ಬಲ್ಲವರು ಕಣ್ಣಲ್ಲೇ ಅಳೆಯುತ್ತಾರೆ. ಕೆನಲ್ ಕ್ಲಬ್ ಆಫ್ ಇಂಡಿಯಾದ ಕಾಗದದಲ್ಲಿ ಇದರ ಹೆಸರು ಕ್ಯಾರವಾನ್ ಹೌಂಡ್ ಅಂತ ಇರುತ್ತದೆ, ಅದನ್ನು ನೋಡಿ ಗಾಬರಿ ಬೀಳಬೇಡಿ. ಮುಧೋಳ ಹತ್ತಿರದ ತಿಮ್ಮಾಪುರದಲ್ಲಿ ಬೀದರ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಐತಿ. ರೇಟು ಹೇಳುವ ಮೊದಲು ಅಲ್ಲಿ ಮರಿಗೆ ಎಷ್ಟು ನಡೆದೈತಿ ಕೇಳಿಕೊಳ್ಳಿ. ಅದಕ್ಕಿಂತ ಬಹಳ ಮೇಲೆ ಹೇಳಿದರೆ ಗಿರಾಕಿ ಸೀದಾ ಅಲ್ಲಿಗೇ ಹೋಗುತ್ತಾನೆ.

ಬಣ್ಣದ ಹುಚ್ಚಿನ ಬಗ್ಗೆ ಎರಡು ಮಾತು. "ಪೂರ್ತಿ ಬಿಳಿ ಇದ್ರ ಹೇಳ್ರೀ, ಎಷ್ಟಾದ್ರೂ ಕೊಡ್ತೀನಿ" ಅನ್ನುವ ಗಿರಾಕಿ ಸಿಗುತ್ತಾನೆ. ಅಮೆರಿಕದಲ್ಲಿ ಬಾಲ್ ಪೈಥಾನ್ ಅಂತ ಸಣ್ಣ ಹೆಬ್ಬಾವು ಸಾಕುತ್ತಾರೆ. 1990 ರ ದಶಕದಲ್ಲಿ ಅದರಾಗ ಬಿಳಿ ಮಚ್ಚೆಯ ಬಣ್ಣವೊಂದು ಬಂದಾಗ ಸಾವಿರಾರು ಡಾಲರ್ ಬೆಲೆ. ಆದರೆ ಬಣ್ಣ ಮರಿಗೆ ಇಳಿಯುವಂಥದು. ಕೊಂಡವರೆಲ್ಲ ಮರಿ ತೆಗೆಸಿದರು, ಬರಬರುತ್ತ ಬೆಲೆ ನೂರರ ಲೆಕ್ಕಕ್ಕೆ ಬಿತ್ತು. ಸ್ಪೈಡರ್ ಅನ್ನುವ ಇನ್ನೊಂದು ಬಣ್ಣದ ಹಾವಿಗೆ ತಲೆ ಅಲುಗಾಡುವ ನರದ ದೋಷವೇ ಬಣ್ಣದ ಜೊತೆ ಅಂಟಿಕೊಂಡು ಬಂತು. ನಾವೂ ಬಣ್ಣ ಹಿಡಿದಿಡಲು ಅಣ್ಣ ತಂಗಿ ನಾಯಿಗಳನ್ನೇ ಕೂಡಿಸುತ್ತ ಹೋದರೆ ದುರ್ಬಲ ಮರಿ ಹುಟ್ಟುತ್ತವೆ. ಗ್ರೇಹೌಂಡ್ ಬೆರಕೆ ಮಾಡಿ ಮುಧೋಳ ಅಂತ ಮಾರುವವರೂ ಇದ್ದಾರೆ. ಒಂದು ಸಲ ಸಿಕ್ಕಿಬಿದ್ದರೆ ಊರಿನ ಹೆಸರೇ ಕೆಡುತ್ತದೆ.

ಹಾವಿನ ಮಾತು ಬಂತಂತ ಹೇಳಿಬಿಡುತ್ತೇನೆ. ಎರಡು ತಲೆ ಹಾವು, ಅಂದರೆ ಮಣ್ಣುಮುಕ್ಕ ಹಾವು, ತೂಕದ ಮೇಲೆ ಲಕ್ಷ ಕೋಟಿಗೆ ಹೋಗತೈತಿ ಅಂತ ವಾಟ್ಸಾಪ್‌ದಾಗ ಬಂದರೆ ಅಲ್ಲೇ ಅಳಿಸಿ. ಅದಕ್ಕೆ ಎರಡು ತಲೆ ಇಲ್ಲ, ಬಾಲ ಮೊಂಡ ಅಷ್ಟೇ. ಅದನ್ನು ಹಿಡಿಯುವುದು, ಮಾರುವುದು 1972 ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಹೊಲದಾಗ ಇಲಿ ತಿಂದುಕೊಂಡು ಇರಲಿ ಬಿಡಿ.

ಆನ್‌ಲೈನ್ ವ್ಯವಹಾರದಾಗ ಇನ್ನೊಂದು ಎಚ್ಚರ. ಬೇರೆಯವರ ಮರಿಯ ಫೋಟೋ ಹಾಕಿ ಮುಂಗಡ ಹೊಡೆಯುವವರು ಬಹಳ ಆಗಿದ್ದಾರೆ. ಕೊಳ್ಳುವವರಾದರೆ ವಿಡಿಯೋ ಕಾಲ್‌ನಲ್ಲಿ ತಾಯಿ ಜೊತೆ ಮರಿ ತೋರಿಸಿ ಅನ್ನಿ. ಮಾರುವವರಾದರೆ ರೊಕ್ಕ ಕಳಿಸುತ್ತೇವೆ, ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಅಂದವನ ಫೋನ್ ಇಟ್ಟುಬಿಡಿ. ರೊಕ್ಕ ಪಡೆಯಲು ಪಿನ್ ಬೇಕಾಗುವುದಿಲ್ಲ.

ಜಮಖಂಡಿ ಹುಡುಗನಿಗೆ ನಾ ಹೇಳಿದ್ದು ಇಷ್ಟು: ನಿನ್ನ ಖರ್ಚು ಬರಿ, ಉಳಿದ ಮರಿಯಿಂದ ಭಾಗಿಸು, ಅದರ ಮೇಲೆ ಎರಡು ಸಾವಿರ ಇಟ್ಟು ಶುರು ಮಾಡು, ಹತ್ತನೇ ವಾರಕ್ಕೆ ಅಸಲಿಗೆ ಇಳಿ, ಲಸಿಕೆ ಮಾತ್ರ ಬಿಡಬೇಡ. ನಮ್ಮ ಮನೆಯಾಗೂ ಈಗ ಐದು ಮರಿ ಅದಾವ, ನಿನ್ನೆಗೆ 42 ದಿನ. ಬೀಳಗಿ ಕಾಕಾ ಒಂದಕ್ಕೆ ಹೇಳಿಟ್ಟಾರ, ಅವರಿಗೆ ಅಸಲಿಗೇ ಕೊಡಾಂವ ಇದ್ದೀನಿ. ಇನ್ನೆರಡು ವಾರ ಆಗಲಿ.